ಮನೆಯ ರೇಡಿಯೊ ಸ್ಟೇಷನ್ನಿಗೆ ಯಾವ ಆಂಟೆನಾ?

 

ನಮ್ಮ ಮನೆಯ ಪಕ್ಕ ಎದ್ದಿರುವ ಕಂಬವನ್ನೂ ಅಂಗಳದ ಮೇಲೆ ಹಾದು ಹೋಗಿರುವ ತಂತಿಯನ್ನೂ ನೋಡಿ ತುಂಬ ಜನ "ಅದೆಂತದು ಮಾರಾಯ, ಬಟ್ಟೆ ಒಣಗಿಸೋಕೆ ಅಷ್ಟು ಎತ್ತರವಾ?" ಎಂದು ಕೇಳಿದ್ದೀರಿ. ಎಲ್ಲರಿಗೂ ಒಂದೊಂದು ಸಲ ಹೇಳುವ ಬದಲು ಗೋಡೆ ಪತ್ರಿಕೆಯಲ್ಲೇ ಬರೆದುಬಿಡು ಎಂದು ವಿಜ್ಞಾನದ ಮೇಷ್ಟ್ರು ಹೇಳಿದರು. ಅದಕ್ಕೇ ಈ ಲೇಖನ.

ಅದು ರೇಡಿಯೊ ಆಂಟೆನಾ. ನಮ್ಮ ಅಜ್ಜ ಅದಕ್ಕೆ ಏರಿಯಲ್ ಅಂತಾರೆ. ಆಕಾಶವಾಣಿ ಕೇಳುವ ರೇಡಿಯೊದಲ್ಲಿ ಅವರು ಮಾತಾಡ್ತಾರೆ, ನಾವು ಕೇಳ್ತೇವೆ, ಅಷ್ಟೆ. ಆದರೆ ನಮ್ಮ ಚಿಕ್ಕಪ್ಪನ ಸೆಟ್ಟಿನಲ್ಲಿ ಕೇಳಲೂಬಹುದು, ಮಾತಾಡಲೂಬಹುದು. ಇದಕ್ಕೆ ಹ್ಯಾಮ್ ರೇಡಿಯೊ ಅಂದರೆ ಹವ್ಯಾಸಿ ರೇಡಿಯೊ ಎನ್ನುತ್ತಾರೆ. ಯಾರು ಬೇಕಾದರೂ ಸೆಟ್ಟು ತಂದು ಮಾತಾಡುವಂತಿಲ್ಲ. ಕೇಂದ್ರ ಸರ್ಕಾರದ ಪರೀಕ್ಷೆ ಬರೆದು ಪಾಸಾಗಬೇಕು, ಲೈಸೆನ್ಸ್ ಪಡೆಯಬೇಕು. ಆಗ ಒಂದು ಕರೆಹೆಸರು ಕೊಡುತ್ತಾರೆ. ನಮ್ಮ ದೇಶದ ಹ್ಯಾಮ್‌ಗಳ ಕರೆಹೆಸರು ಸಾಮಾನ್ಯವಾಗಿ 'ವಿಯು' ಎಂದು ಶುರುವಾಗುತ್ತದೆ. ಪ್ರಧಾನಿಯಾಗಿದ್ದ ರಾಜೀವ್ ಗಾಂಧಿಯವರೂ ಹ್ಯಾಮ್ ಆಗಿದ್ದರು. ಅವರ ಕರೆಹೆಸರು ವಿಯು2ಆರ್‌ಜಿ.

ಇದೆಲ್ಲ ನಮ್ಮಂಥ ಊರಿಗೆ ಯಾಕೆ ಬೇಕು?

ಕಳೆದ ಆಷಾಢದ ಮಳೆ ನಿಮಗೆಲ್ಲ ನೆನಪಿರಬೇಕು. ಧರೆ ಕುಸಿದು ರಸ್ತೆ ಮುಚ್ಚಿತ್ತು. ಕಂಬ ಬಿದ್ದು ಕರೆಂಟು ಹೋಗಿತ್ತು. ಬ್ಯಾಟರಿ ಮುಗಿದ ಮೇಲೆ ಮೊಬೈಲ್ ಟವರೂ ಸತ್ತಿತು. ಮೂರು ದಿನ ನಮ್ಮೂರಿನ ಸುದ್ದಿ ಪೇಟೆಗಿಲ್ಲ, ಪೇಟೆಯ ಸುದ್ದಿ ನಮಗಿಲ್ಲ. ನಮ್ಮ ಅಜ್ಜಿಗೆ ಆಗ ಜೋರು ಜ್ವರ. ಡಾಕ್ಟರನ್ನು ಕರೆತರುವುದು ಹಾಗಿರಲಿ, ಯಾವ ಮಾತ್ರೆ ಕೊಡಬೇಕು ಎಂದು ಕೇಳಲೂ ದಾರಿಯಿರಲಿಲ್ಲ. ಅಜ್ಜಿ ದೇವರ ದಯೆಯಿಂದ ಗುಣವಾದರು. ಆದರೆ ಚಿಕ್ಕಪ್ಪ ಅವತ್ತೇ, "ಮುಂದಿನ ಮಳೆಗಾಲದೊಳಗೆ ಮನೆಯಲ್ಲಿ ಸ್ಟೇಷನ್ ಹಾಕಲೇಬೇಕು" ಎಂದು ತೀರ್ಮಾನ ಮಾಡಿದರು.

ಆಪತ್ತಿನಲ್ಲಿ ಹ್ಯಾಮ್‌ಗಳು ಸಹಾಯ ಮಾಡಿದ ಉದಾಹರಣೆ ಬೇಕಾದಷ್ಟಿದೆ. 2001ರ ಜನವರಿ 26ರಂದು ಗುಜರಾತಿನ ಭುಜ್‌ನಲ್ಲಿ ಭೂಕಂಪವಾದಾಗ ಹ್ಯಾಮ್‌ಗಳು ಹೋಗಿ ಸುದ್ದಿ ಸಾಗಿಸಿದರು. 2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ದೆಹಲಿಯ ಭಾರತಿ ಪ್ರಸಾದ್ ಎಂಬ ಹ್ಯಾಮ್ ತಮ್ಮ ತಂಡದೊಂದಿಗೆ ಅಂಡಮಾನಿನ ಪೋರ್ಟ್ ಬ್ಲೇರ್‌ನಲ್ಲೇ ಇದ್ದರು. ಉಳಿದ ಸಂಪರ್ಕ ಕಡಿದಾಗ ಅವರ ರೇಡಿಯೊ ಅಲ್ಲಿಯ ಸುದ್ದಿಯನ್ನು ಹೊರಗಿನವರಿಗೆ ಮುಟ್ಟಿಸಿತು. ಇಂಥ ಸೆಟ್ಟು ನಡೆಯಲು ಕಾರಿನದೋ ಟ್ರ್ಯಾಕ್ಟರಿನದೋ 12 ವೋಲ್ಟ್ ಬ್ಯಾಟರಿ ಸಾಕು. ನಡುವೆ ಯಾರ ಟವರೂ ಬೇಡ.

ಸೆಟ್ಟು ದೊಡ್ಡದೋ, ಆಂಟೆನಾ ದೊಡ್ಡದೋ?

ನಮ್ಮಪ್ಪ, "ಜಾಸ್ತಿ ಪವರಿನ ಸೆಟ್ಟೇ ತಂದುಬಿಡು, ಆಂಟೆನಾ ಯಾವುದಾದರೇನು" ಎಂದರು. ಚಿಕ್ಕಪ್ಪ ಒಪ್ಪಲಿಲ್ಲ. "ಅಣ್ಣಾ, ಪಂಪು ಎಷ್ಟು ಹೆಚ್ಪಿದಾದರೂ ಪೈಪು ಸೋರಿದರೆ ತೋಟಕ್ಕೆ ನೀರು ಬರ್ತದಾ?" ಎಂದು ಕೇಳಿದರು. ಅಪ್ಪ ನಕ್ಕು ಸುಮ್ಮನಾದರು.

ಇದರ ಲೆಕ್ಕ ಹೀಗಿದೆ. ರೇಡಿಯೊ ಸೆಟ್ಟಿನಲ್ಲಿ ಸಿಗ್ನಲ್ ತೋರಿಸುವ ಮೀಟರ್ ಇರುತ್ತದೆ. ಅದರಲ್ಲಿ ಮುಳ್ಳು ಒಂದು ಮನೆ ಮೇಲೆ ಹೋಗಬೇಕಾದರೆ ನಾಲ್ಕು ಪಟ್ಟು ಪವರ್ ಬೇಕು. 5 ವ್ಯಾಟ್ ಇದ್ದದ್ದನ್ನು 20 ವ್ಯಾಟ್ ಮಾಡಿದರೆ ಕೇಳುವವರ ಮೀಟರಿನಲ್ಲಿ ಏರುವುದು ಒಂದೇ ಒಂದು ಮನೆ! ಅಲ್ಲದೆ ಪವರ್ ಹೆಚ್ಚಾದರೆ ನಮ್ಮ ಮಾತು ಮಾತ್ರ ಜೋರಾಗುತ್ತದೆ, ಬೇರೆಯವರ ಮಾತು ನಮಗೆ ಹೆಚ್ಚು ಕೇಳುವುದಿಲ್ಲ. ಒಳ್ಳೆಯ ಆಂಟೆನಾ ಆದರೆ ಬಾಯಿಯೂ ಹೌದು, ಕಿವಿಯೂ ಹೌದು.

ಆಂಟೆನಾಕ್ಕೆ ಅಳತೆ ಏಕೆ?

ರೇಡಿಯೊ ಅಲೆಗಳು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ವೇಗದಲ್ಲಿ ಹೋಗುತ್ತವೆ. ಒಂದು ಅಲೆಯ ಉದ್ದ ಎಷ್ಟು ಎಂದು ತಿಳಿಯಲು 300ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರಾಯಿತು. ಉತ್ತರ ಮೀಟರಿನಲ್ಲಿ ಬರುತ್ತದೆ.

145 ಮೆಗಾಹರ್ಟ್ಸ್ ಆದರೆ ಅಲೆಯ ಉದ್ದ ಸುಮಾರು 2 ಮೀಟರ್. ಅದಕ್ಕೇ ಹ್ಯಾಮ್‌ಗಳು ಅದನ್ನು '2 ಮೀಟರ್ ಬ್ಯಾಂಡ್' ಎನ್ನುತ್ತಾರೆ. 7.1 ಮೆಗಾಹರ್ಟ್ಸ್ ಆದರೆ 42 ಮೀಟರಿಗೆ ಸ್ವಲ್ಪ ಹೆಚ್ಚು. ಅದಕ್ಕೆ '40 ಮೀಟರ್ ಬ್ಯಾಂಡ್' ಎಂದು ಹೆಸರು.

ಉಯ್ಯಾಲೆಯನ್ನು ಅದರ ತಾಳಕ್ಕೆ ಸರಿಯಾಗಿ ನೂಕಿದರೆ ಮಾತ್ರ ಎತ್ತರಕ್ಕೆ ಹೋಗುತ್ತದಲ್ಲವೆ? ಹಾಗೆಯೇ ಆಂಟೆನಾದ ಉದ್ದ ಅಲೆಗೆ ಹೊಂದಬೇಕು. ಸಾಮಾನ್ಯವಾಗಿ ಅಲೆಯ ಅರ್ಧ ಅಥವಾ ಕಾಲು ಭಾಗದ ಉದ್ದ ಇಡುತ್ತಾರೆ. ನಿಜವಾದ ತಂತಿಯನ್ನು ಲೆಕ್ಕಕ್ಕಿಂತ ನೂರಕ್ಕೆ ಐದರಷ್ಟು ಗಿಡ್ಡ ಮಾಡಬೇಕಾಗುತ್ತದೆ. ಆದ್ದರಿಂದ ಅರ್ಧ ಅಲೆಗೆ 150ರ ಬದಲು 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸುತ್ತಾರೆ. 145ಕ್ಕೆ ಅರ್ಧ ಅಲೆ ಸುಮಾರು 98 ಸೆಂಟಿಮೀಟರ್, ಕಾಲು ಅಲೆ 49 ಸೆಂಟಿಮೀಟರ್. 7.1ಕ್ಕೆ ಅರ್ಧ ಅಲೆಯೇ 20 ಮೀಟರ್.

ಅಳತೆ ಹೊಂದದಿದ್ದರೆ ಸೆಟ್ಟು ಕಳಿಸಿದ ಪವರ್ ಪೂರ್ತಿ ಹೊರಗೆ ಹೋಗದೆ ಒಂದಷ್ಟು ವಾಪಸು ಬರುತ್ತದೆ. ಇದನ್ನು ತೋರಿಸಲು ಎಸ್‌ಡಬ್ಲ್ಯುಆರ್ ಮೀಟರ್ ಎಂಬುದಿದೆ. ಅದರಲ್ಲಿ 1 ಬಂದರೆ ಏನೂ ವಾಪಸಿಲ್ಲ. 1.5 ಬಂದರೆ ನೂರಕ್ಕೆ 4 ಪಾಲು ವಾಪಸು, ಚಿಂತೆಯಿಲ್ಲ. 3 ಬಂದರೆ ನೂರಕ್ಕೆ 25 ಪಾಲು ವಾಪಸು, ಸೆಟ್ಟಿಗೇ ಕೆಟ್ಟದ್ದು. ದರ್ಜಿಯವರು ಬಟ್ಟೆಯನ್ನು ಮೊದಲು ಸ್ವಲ್ಪ ಉದ್ದವೇ ಬಿಡುವಂತೆ ತಂತಿಯನ್ನೂ ಉದ್ದವಾಗಿಯೇ ಕತ್ತರಿಸಿ, ಮೀಟರ್ ನೋಡುತ್ತ ಚೂರುಚೂರೇ ಕಡಿಮೆ ಮಾಡಬೇಕು.

ಎಲ್ಲಕ್ಕಿಂತ ಮೊದಲ ಪ್ರಶ್ನೆ

ಯಾವ ಆಂಟೆನಾ ಒಳ್ಳೆಯದು ಎಂದು ನಾನು ಕೇಳಿದಾಗ ಚಿಕ್ಕಪ್ಪ ಉತ್ತರ ಹೇಳಲಿಲ್ಲ. "ನೀನು ಯಾರ ಹತ್ತಿರ ಮಾತಾಡಬೇಕು? ಅವರು ಎಲ್ಲಿದ್ದಾರೆ? ನಡುವೆ ಏನಿದೆ? ಅದನ್ನು ಮೊದಲು ಹೇಳು" ಎಂದರು. ನಾವು ಒಂದು ಹಾಳೆಯಲ್ಲಿ ಹೀಗೆ ಬರೆದೆವು.

1. ನದಿಯಾಚೆಯ ಊರಿನಲ್ಲಿ ಚಿಕ್ಕಪ್ಪನ ಸ್ನೇಹಿತರೊಬ್ಬರಿದ್ದಾರೆ. ಅವರಿಗೂ ಲೈಸೆನ್ಸ್ ಇದೆ. ದೂರ 9 ಕಿಲೋಮೀಟರ್. ನಡುವೆ ಗದ್ದೆ ಬಯಲು.
2. ಪೇಟೆಯಲ್ಲಿ ಇನ್ನೊಬ್ಬ ಹ್ಯಾಮ್ ಇದ್ದಾರೆ. ದೂರ 22 ಕಿಲೋಮೀಟರ್. ನಡುವೆ ದೊಡ್ಡ ಗುಡ್ಡ.
3. ಬೆಂಗಳೂರು, ಹುಬ್ಬಳ್ಳಿ ಕಡೆಯ ಹ್ಯಾಮ್‌ಗಳು. ನೂರಾರು ಕಿಲೋಮೀಟರ್. ನಡುವೆ ಎಷ್ಟೋ ಗುಡ್ಡಗಳು.

ಹೀಗೆ ಬರೆದ ಮೇಲೆ ಆಂಟೆನಾ ಆರಿಸುವ ಕೆಲಸ ಅರ್ಧ ಮುಗಿದಂತೆಯೇ.

ಲಾಟೀನು ಮತ್ತು ಬ್ಯಾಟರಿ

2 ಮೀಟರ್ ಬ್ಯಾಂಡಿಗೆ ಮನೆಗಳಲ್ಲಿ ಹಾಕುವ ಆಂಟೆನಾಗಳಲ್ಲಿ ಮುಖ್ಯವಾಗಿ ಎರಡು ಜಾತಿ.

ಮೊದಲನೆಯದು ನೆಟ್ಟಗೆ ನಿಲ್ಲುವ ಕಡ್ಡಿ. ಕೆಳಗೆ ಕೊಡೆಯ ಕಡ್ಡಿಗಳ ಹಾಗೆ ನಾಲ್ಕು ಕಡ್ಡಿಗಳು ಇಳಿಬಿದ್ದಿರುತ್ತವೆ. ಇದಕ್ಕೆ ಗ್ರೌಂಡ್ ಪ್ಲೇನ್ ಎಂದು ಹೆಸರು. ಇದು ಲಾಟೀನಿನ ಹಾಗೆ. ಸುತ್ತಲೂ ಒಂದೇ ಸಮ ಬೆಳಕು. ಯಾವ ದಿಕ್ಕಿನಿಂದ ಕರೆದರೂ ಕೇಳುತ್ತದೆ.

ಎರಡನೆಯದು ಯಾಗಿ ಆಂಟೆನಾ. ದೂರದರ್ಶನಕ್ಕೆಂದು ಹಳೆಯ ಮನೆಗಳ ಮಾಡಿನ ಮೇಲೆ ಮೀನಿನ ಮುಳ್ಳಿನಂಥದು ಇರುತ್ತಿತ್ತಲ್ಲ, ಅದೇ. 1926ರಲ್ಲಿ ಜಪಾನಿನ ತೊಹೊಕು ವಿಶ್ವವಿದ್ಯಾಲಯದ ಶಿಂಟಾರೊ ಉಡ ಮತ್ತು ಹಿಡೆಟ್ಸುಗು ಯಾಗಿ ಎಂಬವರು ಇದನ್ನು ಜಗತ್ತಿಗೆ ತಿಳಿಸಿದರು. ಇದು ಕೈಬ್ಯಾಟರಿಯ ಹಾಗೆ. ಹಿಡಿದ ಕಡೆಗೆ ಮಾತ್ರ ಬೆಳಕು, ಆದರೆ ದೂರಕ್ಕೆ. ಮೂರು ಕಡ್ಡಿಯ ಯಾಗಿ ತನ್ನ ದಿಕ್ಕಿನಲ್ಲಿ ಸಾದಾ ಆಂಟೆನಾಕ್ಕಿಂತ ಮೂರು ನಾಲ್ಕು ಪಟ್ಟು ಬಲ ಕೊಡುತ್ತದೆ. ಬೆನ್ನ ಹಿಂದಿನವರು ಕರೆದರೆ ಸರಿಯಾಗಿ ಕೇಳುವುದಿಲ್ಲ. ದಿಕ್ಕು ಬದಲಿಸಲು ಕಂಬವನ್ನೇ ತಿರುಗಿಸಬೇಕು. ಯಾವಾಗಲೂ ಒಂದೇ ಕಡೆ ಮಾತಾಡುವವರಿಗೆ ಯಾಗಿ ಒಳ್ಳೆಯದು. ಯಾರು, ಎಲ್ಲಿಂದ ಕರೆಯುತ್ತಾರೋ ಗೊತ್ತಿಲ್ಲದ ಆಪತ್ತಿನ ಕೆಲಸಕ್ಕೆ ಲಾಟೀನೇ ಸರಿ.

ಅಂಗಡಿಯಲ್ಲಿ ಉದ್ದನೆಯ ಗೇನ್ ಆಂಟೆನಾ ಎಂದು ತೋರಿಸುತ್ತಾರೆ. ಗೇನ್ ಎಂದರೆ ಹೊಸದಾಗಿ ಪವರ್ ಹುಟ್ಟುವುದಲ್ಲ. ಅಮ್ಮ ರೊಟ್ಟಿ ತಟ್ಟುವುದನ್ನು ನೋಡಿ. ಹಿಟ್ಟಿನ ಉಂಡೆ ಅಷ್ಟೇ, ತಟ್ಟಿದಷ್ಟೂ ತೆಳ್ಳಗಾಗಿ ಅಗಲವಾಗುತ್ತದೆ. ಗೇನ್ ಆಂಟೆನಾ ಅಲೆಗಳನ್ನು ಹಾಗೆ ಚಪ್ಪಟೆ ಮಾಡಿ ದೂರಕ್ಕೆ ಕಳಿಸುತ್ತದೆ. ಬಯಲುಸೀಮೆಯಲ್ಲಿ ಅದು ಬಹಳ ಒಳ್ಳೆಯದು. ನಮ್ಮ ಹಾಗೆ ತಗ್ಗಿನಲ್ಲಿದ್ದು ಗುಡ್ಡದ ಮೇಲಿನವರ ಜೊತೆ ಮಾತಾಡುವವರಿಗೆ ತೀರಾ ತೆಳ್ಳಗಿನ ರೊಟ್ಟಿ ಬೇಡ.

ಇನ್ನೊಂದು ಎಚ್ಚರಿಕೆ. ಗೇನ್ ಅಳೆಯುವುದು ಡಿಬಿ ಲೆಕ್ಕದಲ್ಲಿ. 3 ಡಿಬಿ ಎಂದರೆ ಎರಡು ಪಟ್ಟು. ಆದರೆ ಡಿಬಿಡಿ ಎಂದೂ ಡಿಬಿಐ ಎಂದೂ ಎರಡು ತೂಕದ ಬಟ್ಟುಗಳಿವೆ. ಒಂದೇ ಆಂಟೆನಾವನ್ನು ಡಿಬಿಐನಲ್ಲಿ ಹೇಳಿದರೆ 2.15 ಹೆಚ್ಚು ಕಾಣುತ್ತದೆ. ಎರಡು ಆಂಟೆನಾ ಹೋಲಿಸುವಾಗ ಬಟ್ಟು ಒಂದೇನಾ ಎಂದು ನೋಡಿಕೊಳ್ಳಬೇಕು.

ಎರಡೂ ಕಡೆಯ ಕಡ್ಡಿಗಳು ಒಂದೇ ರೀತಿ ನಿಂತಿರಬೇಕು ಎಂಬುದೂ ಮುಖ್ಯ. ಕಿಟಕಿಯ ನೆಟ್ಟ ಸರಳುಗಳ ನಡುವೆ ಹಗ್ಗ ತೂರಿಸಿ ಮೇಲೆ ಕೆಳಗೆ ಕುಣಿಸಿದರೆ ಅಲೆ ಆಚೆ ಹೋಗುತ್ತದೆ. ಅಡ್ಡಡ್ಡ ಕುಣಿಸಿದರೆ ಸರಳಿಗೆ ತಾಗಿ ನಿಲ್ಲುತ್ತದೆ. 2 ಮೀಟರ್ ಬ್ಯಾಂಡಿನ ಎಫ್‌ಎಂ ಮಾತಿಗೆ ಸಾಮಾನ್ಯವಾಗಿ ಎಲ್ಲರೂ ಕಡ್ಡಿಯನ್ನು ನೆಟ್ಟಗೆ ನಿಲ್ಲಿಸುತ್ತಾರೆ. ನಾವೂ ಹಾಗೇ ಮಾಡಬೇಕು.

ಎತ್ತರದ ಗಣಿತ

2 ಮೀಟರ್ ಬ್ಯಾಂಡಿನ ಅಲೆಗಳು ಹೆಚ್ಚುಕಡಿಮೆ ಕಣ್ಣಿನ ನೋಟದಂತೆ ನೆಟ್ಟಗೆ ಹೋಗುತ್ತವೆ. ಭೂಮಿ ದುಂಡಗಿರುವುದರಿಂದ ಸ್ವಲ್ಪ ದೂರ ಹೋದ ಮೇಲೆ ನೆಲವೇ ಅಡ್ಡ ಬರುತ್ತದೆ. ಬಯಲಿನಲ್ಲಿ ಎಷ್ಟು ದೂರ ಎಂದು ತಿಳಿಯಲು ಆಂಟೆನಾದ ಎತ್ತರದ (ಮೀಟರಿನಲ್ಲಿ) ವರ್ಗಮೂಲ ತೆಗೆದು ಸುಮಾರು 4ರಿಂದ ಗುಣಿಸಿದರೆ ಸಾಕು. ಕಿಲೋಮೀಟರ್ ಸಿಗುತ್ತದೆ.

ಮೇಜಿನ ಮೇಲೆ 1 ಮೀಟರ್ ಎತ್ತರದಲ್ಲಿಟ್ಟರೆ: 4 ಕಿಲೋಮೀಟರ್.
4 ಮೀಟರ್ ಎತ್ತರ: 8 ಕಿಲೋಮೀಟರ್.
9 ಮೀಟರ್ ಎತ್ತರ: 12 ಕಿಲೋಮೀಟರ್.
16 ಮೀಟರ್ ಎತ್ತರ: 16 ಕಿಲೋಮೀಟರ್.

ಆಚೆಯವರದ್ದೂ ಹೀಗೇ ಲೆಕ್ಕ ಹಾಕಿ ಎರಡನ್ನೂ ಕೂಡಿಸಬೇಕು. ನೋಡಿ, ದೂರ ಎರಡು ಪಟ್ಟಾಗಬೇಕಾದರೆ ಎತ್ತರ ನಾಲ್ಕು ಪಟ್ಟಾಗಬೇಕು. ಮೊದಲ ಕೆಲವು ಮೀಟರಿನಲ್ಲೇ ಲಾಭ ಜಾಸ್ತಿ. ಮನೆಯೊಳಗಿನಿಂದ ಮಾಡಿನ ಮೇಲಕ್ಕೆ ತಂದರೆ ದೊಡ್ಡ ಲಾಭ. ಆಮೇಲೆ ಕಂಬದ ಖರ್ಚು ಏರುತ್ತದೆ, ಲಾಭ ನಿಧಾನವಾಗುತ್ತದೆ. ನಾವು 9 ಮೀಟರ್ ಎಂದು ನಿಶ್ಚಯ ಮಾಡಿದೆವು.

ಕೇಬಲ್ ಕುಡಿಯುವ ಪವರ್

ಸೆಟ್ಟಿನಿಂದ ಆಂಟೆನಾದವರೆಗೆ ಹೋಗುವ ದಪ್ಪ ಕಪ್ಪು ತಂತಿಗೆ ಕೊಯಾಕ್ಸ್ ಕೇಬಲ್ ಎನ್ನುತ್ತಾರೆ. ಹ್ಯಾಮ್ ಸೆಟ್ಟುಗಳಿಗೆ 50 ಓಮ್‌ನ ಕೇಬಲ್ ಬೇಕು. ಟಿವಿಯ ಕೇಬಲ್ 75 ಓಮ್‌ನದು. ಕೇಬಲ್ ಉದ್ದವಾದಷ್ಟೂ ಪವರ್ ದಾರಿಯಲ್ಲೇ ಬಿಸಿಯಾಗಿ ಹೋಗುತ್ತದೆ. 2 ಮೀಟರ್ ಬ್ಯಾಂಡಿನಲ್ಲಿ ಸಪೂರ ಕೇಬಲ್ ಆರ್‌ಜಿ-58 ಅನ್ನು 30 ಮೀಟರ್ ಹಾಕಿದರೆ ಮೇಲೆ ತಲುಪುವುದು ಸುಮಾರು ಕಾಲು ಭಾಗ ಮಾತ್ರ. 10 ವ್ಯಾಟ್ ಕಳಿಸಿದರೆ ಎರಡೂವರೆ ವ್ಯಾಟ್! ದಪ್ಪನೆಯ ಆರ್‌ಜಿ-213 ಆದರೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತಲುಪುತ್ತದೆ.

ಆದ್ದರಿಂದ ಸೆಟ್ಟನ್ನು ಕಂಬದ ಹತ್ತಿರದ ಕೋಣೆಯಲ್ಲಿಟ್ಟು ಕೇಬಲ್ಲನ್ನು 15 ಮೀಟರಿಗೆ ಇಳಿಸಿದೆವು. ಉಳಿದ ದುಡ್ಡಿನಲ್ಲಿ ದಪ್ಪ ಕೇಬಲ್ಲೇ ಕೊಂಡೆವು. ನಮ್ಮ ಮಳೆಗೆ ಕೇಬಲ್ಲಿನ ಬಾಯಿಯೊಳಗೆ ನೀರು ಇಳಿದರೆ ಕೇಬಲ್ ಹಾಳು. ಅದಕ್ಕೆ ಜೋಡಣೆಗೆ ರಬ್ಬರಿನ ಟೇಪು ಬಿಗಿಯಾಗಿ ಸುತ್ತಬೇಕು. ಕೇಬಲ್ ಗೋಡೆಯೊಳಗೆ ಬರುವ ಮುಂಚೆ ಒಂದು ಸಲ ಕೆಳಗೆ ಬಾಗಿಸಿ ಮೇಲೆ ತರಬೇಕು. ಆಗ ಮಳೆನೀರು ಬಾಗಿದಲ್ಲೇ ತೊಟ್ಟಿಕ್ಕುತ್ತದೆ, ಮನೆಯೊಳಗೆ ಬರುವುದಿಲ್ಲ.

ಗುಡ್ಡ ದಾಟುವುದು ಹೇಗೆ?

ಹಾಳೆಯಲ್ಲಿ ಬರೆದ ಮೊದಲ ಊರಿಗೆ ಗ್ರೌಂಡ್ ಪ್ಲೇನ್ ಸಾಕು. ಆದರೆ ಪೇಟೆಗೆ? ನಡುವಿನ ಗುಡ್ಡ ನಮ್ಮ ಕಂಬಕ್ಕಿಂತ ಎಷ್ಟೋ ಎತ್ತರ. ಅಪ್ಪ ಹೇಳಿದ ದೊಡ್ಡ ಪವರಿನ ಸೆಟ್ಟು ತಂದರೂ 2 ಮೀಟರ್ ಅಲೆ ಮಣ್ಣು ಕೊರೆದು ಹೋಗುವುದಿಲ್ಲ.

ಇಲ್ಲಿ 40 ಮೀಟರ್ ಬ್ಯಾಂಡ್ ಕೆಲಸಕ್ಕೆ ಬರುತ್ತದೆ. ನೆಲದಿಂದ ನೂರಾರು ಕಿಲೋಮೀಟರ್ ಮೇಲೆ ಅಯಾನುಗೋಳ ಎಂಬ ಪದರವಿದೆ. ಸೂರ್ಯನ ಕಿರಣದಿಂದ ಅಲ್ಲಿಯ ಗಾಳಿಯ ಕಣಗಳು ವಿದ್ಯುತ್ ಪಡೆದಿರುತ್ತವೆ. 7 ಮೆಗಾಹರ್ಟ್ಸ್ ಅಲೆಗಳನ್ನು ಅದು ಕೆಳಗೆ ವಾಪಸು ಕಳಿಸಬಲ್ಲದು. ಉದ್ದ ತಂತಿಯ ಆಂಟೆನಾವನ್ನು ಬೇಕೆಂದೇ ಗಿಡ್ಡವಾಗಿ, 5–6 ಮೀಟರ್ ಎತ್ತರದಲ್ಲಿ ಕಟ್ಟಿದರೆ ಅಲೆಗಳು ಹೆಚ್ಚಾಗಿ ಮೇಲಕ್ಕೇ ಹೋಗುತ್ತವೆ. ಅಯಾನುಗೋಳಕ್ಕೆ ತಾಗಿ ಸುತ್ತಲ ಮುನ್ನೂರು ನಾನೂರು ಕಿಲೋಮೀಟರಿಗೆ ಮಳೆಯ ಹಾಗೆ ಇಳಿಯುತ್ತವೆ. ಪಂಪಿನ ಪೈಪನ್ನು ಮೇಲಕ್ಕೆ ಹಿಡಿದರೆ ಗೋಡೆಯಾಚೆಯ ಗಿಡಕ್ಕೂ ನೀರು ಬೀಳುತ್ತದಲ್ಲ, ಹಾಗೆ. ಗುಡ್ಡ ಎಷ್ಟಿದ್ದರೇನು! ಇದು ಹಗಲಿನಲ್ಲಿ ಚೆನ್ನಾಗಿ ನಡೆಯುತ್ತದೆ. ರಾತ್ರಿ ಆ ಪದರ ತೆಳುವಾಗುವುದರಿಂದ ಹತ್ತಿರದವರು ಮಾಯವಾಗಿ ದೂರದವರು ಕೇಳಿಸುತ್ತಾರೆ.

ಈ ಆಂಟೆನಾಕ್ಕೆ ಡೈಪೋಲ್ ಎಂದು ಹೆಸರು. ಮನೆ ವೈರಿಂಗಿನ ತಾಮ್ರದ ತಂತಿ ಒಂದೊಂದು ಕಡೆಗೆ 10 ಮೀಟರ್, ನಡುವೆ ಕೇಬಲ್, ತುದಿಗಳಿಗೆ ಪಿವಿಸಿ ಪೈಪಿನ ತುಂಡು, ಅಲ್ಲಿಂದ ನೈಲಾನ್ ಹಗ್ಗ. ಎರಡು ಮರಗಳಿದ್ದರೆ ಕಂಬವೂ ಬೇಡ. ಸೆಟ್ಟಿಗೆ ಚಿಕ್ಕಪ್ಪ ಹೈದರಾಬಾದಿನ ಅಶ್ಹರ್ ಫರ್ಹಾನ್ ಎಂಬ ಹ್ಯಾಮ್ ರೂಪಿಸಿದ ಬಿಟ್‌ಎಕ್ಸ್ ಎಂಬ ನಕ್ಷೆಯಂತೆ ತಾವೇ ಬೆಸುಗೆ ಹಾಕಿ ಜೋಡಿಸಿದ್ದಾರೆ. ಅದು ಕೊಡುವುದು ಕೆಲವೇ ವ್ಯಾಟ್. ಆದರೂ ಒಂದು ಭಾನುವಾರ ಬೆಳಿಗ್ಗೆ ಬೆಂಗಳೂರಿನವರು "ನಿಮ್ಮ ಧ್ವನಿ ಸ್ಪಷ್ಟವಾಗಿದೆ" ಎಂದು ಹೇಳಿದ್ದನ್ನು ನಾನೇ ಪಕ್ಕದಲ್ಲಿ ಕೂತು ಕೇಳಿದೆ. ಆಮೇಲೆ ಪೇಟೆಯವರೂ ಸಿಕ್ಕಿದರು.

ಜೀವಕ್ಕಿಂತ ಆಂಟೆನಾ ದೊಡ್ಡದಲ್ಲ

ಇದನ್ನು ದಯವಿಟ್ಟು ಎಲ್ಲರೂ ಓದಿ.

ಅಡಿಕೆ ಕೊಯ್ಯುವಾಗ ಅಲ್ಯೂಮಿನಿಯಂ ದೋಟಿ ಕರೆಂಟು ತಂತಿಗೆ ತಾಗಿ ಜನ ಸತ್ತದ್ದು ನಮ್ಮ ಸೀಮೆಯಲ್ಲಿ ಗೊತ್ತಿರುವ ವಿಷಯ. ಆಂಟೆನಾದ ಕಂಬವೂ ಅಂಥ ದೋಟಿಯೇ. ಕಂಬ ಯಾವ ಕಡೆ ಬಿದ್ದರೂ ಕರೆಂಟು ತಂತಿಗೆ ತಾಗದಂಥ ಜಾಗ ನೋಡಬೇಕು. ತಂತಿಯ ಆಂಟೆನಾವನ್ನು ಕರೆಂಟು ತಂತಿಯ ಮೇಲಿಂದಾಗಲಿ ಕೆಳಗಿನಿಂದಾಗಲಿ ದಾಟಿಸಲೇಬಾರದು. ಕಂಬ ಎತ್ತುವಾಗ ದೊಡ್ಡವರು ನಾಲ್ಕು ಜನ ಇರಬೇಕು. ಮಳೆ ಗಾಳಿಯಲ್ಲಿ ಆ ಕೆಲಸ ಬೇಡ.

ಕಂಬಕ್ಕೆ ದಪ್ಪ ತಂತಿಯಿಂದ ಅರ್ಥಿಂಗ್ ಮಾಡಬೇಕು. ಗುಡುಗು ಕೇಳಿದ ಕೂಡಲೇ ಆಟ ಬಂದ್. ಇನ್ನೂ ಒಳ್ಳೆಯದೆಂದರೆ ಮೋಡ ಕಟ್ಟುವ ಮೊದಲೇ ಕೇಬಲ್ಲನ್ನು ಸೆಟ್ಟಿನಿಂದ ಬಿಚ್ಚಿ ಮನೆಯ ಹೊರಗೆ ಹಾಕುವುದು. ಸಿಡಿಲು ನೇರ ಹೊಡೆದರೆ ಅರ್ಥಿಂಗ್ ಇದ್ದರೂ ಸೆಟ್ಟು ಉಳಿಯುತ್ತದೆ ಎಂದು ನಂಬುವಂತಿಲ್ಲ. ಮಾತಾಡುತ್ತಿರುವಾಗ ಆಂಟೆನಾ ಮುಟ್ಟಿದರೆ ಕೈ ಸುಡುತ್ತದೆ. ಹಾಗಾಗಿ ತಂತಿಗೆ ಬಟ್ಟೆ ಹಾಕುವ ಯೋಚನೆ ಬಿಡಿ!

ಕೊನೆಗೆ ನಾವು ಆರಿಸಿದ್ದು

9 ಮೀಟರ್ ಜಿಐ ಪೈಪಿನ ಮೇಲೆ ಗ್ರೌಂಡ್ ಪ್ಲೇನ್, ಹತ್ತಿರದವರಿಗೆ. ಅಂಗಳದ ಮೇಲೆ ಗಿಡ್ಡಗೆ ಕಟ್ಟಿದ ಡೈಪೋಲ್, ಗುಡ್ಡದಾಚೆಯವರಿಗೆ. ಗ್ರೌಂಡ್ ಪ್ಲೇನನ್ನು ನಾವೇ ಮಾಡಿದೆವು. ಒಂದು ಚೌಕ ಕನೆಕ್ಟರ್, ಹಿತ್ತಾಳೆ ಕಡ್ಡಿ ಐದು. ನಡುವಿನದು 49 ಸೆಂಟಿಮೀಟರ್, ಕೆಳಗಿನ ನಾಲ್ಕು 52 ಸೆಂಟಿಮೀಟರ್, 45 ಡಿಗ್ರಿ ಬಾಗಿಸಿದ್ದು. ಹಾಗೆ ಬಾಗಿಸಿದರೆ ಅದು ಕೇಬಲ್ಲಿನ 50 ಓಮ್‌ಗೆ ಹೊಂದುತ್ತದೆ. ಕೋನ ಅಳೆಯಲು ನನ್ನ ಕಂಪಾಸ್ ಪೆಟ್ಟಿಗೆಯ ಕೋನಮಾಪಕ ಉಪಯೋಗಕ್ಕೆ ಬಂತು.

ಚಿಕ್ಕಪ್ಪ ಊರವರಿಗೆ ಹೇಳಲು ಹೇಳಿದ ಮಾತು ಇದು. ಮಳೆಗಾಲದಲ್ಲಿ ಕರೆಂಟು, ಫೋನು ಎರಡೂ ಹೋಗಿ ಯಾರಿಗಾದರೂ ಕಾಯಿಲೆ, ಬಾಣಂತನ, ಹಾವು ಕಡಿತ ಏನೇ ಆದರೂ ಹೊತ್ತು ನೋಡದೆ ನಮ್ಮ ಮನೆಗೆ ಬನ್ನಿ. ಸುದ್ದಿಯನ್ನು ಒಂದು ಚೀಟಿಯಲ್ಲಿ ಬರೆದು ತಂದರೆ ಒಳ್ಳೆಯದು: ಯಾರಿಗೆ, ಎಲ್ಲಿ, ಏನಾಗಿದೆ, ಏನು ಬೇಕು. ಇದಕ್ಕೆ ದುಡ್ಡಿಲ್ಲ. ಹ್ಯಾಮ್‌ಗಳು ದುಡ್ಡು ತೆಗೆದುಕೊಳ್ಳುವಂತೆಯೂ ಇಲ್ಲ. ಸಿಡಿಲಿದ್ದರೆ ಮಾತ್ರ ಸ್ವಲ್ಪ ಕಾಯಬೇಕು.

ನಿಮಗೊಂದು ಲೆಕ್ಕ

ನಮ್ಮ ಶಾಲೆಯ ನೀರಿನ ಟ್ಯಾಂಕಿನ ಮೇಲೆ 25 ಮೀಟರ್ ಎತ್ತರಕ್ಕೆ ಆಂಟೆನಾ ಹಾಕಿದರೆ ಬಯಲಿನಲ್ಲಿ ಎಷ್ಟು ಕಿಲೋಮೀಟರ್ ಹೋದೀತು? 14.2 ಮೆಗಾಹರ್ಟ್ಸ್‌ಗೆ ಡೈಪೋಲ್ ಕಟ್ಟಲು ಎಷ್ಟು ಉದ್ದದ ತಂತಿ ಬೇಕು? ಉತ್ತರ ಬರೆದು ಈ ಹಾಳೆಯ ಕೆಳಗೆ ಅಂಟಿಸಿ. ಸರಿಯುತ್ತರ ಮುಂದಿನ ಸಂಚಿಕೆಯಲ್ಲಿ.

— ಏಳನೇ ತರಗತಿ